ಅರ್ಧ ಹೆಜ್ಜೆ

“ಬುದ್ಧಿ, ಈಚೆಗೆ ನನ್ನಿಂದ ಒಂದು ತಪ್ಪೂ ಆಗಿಲ್ಲ. ಆದರೂ ನನಗೇಕೆ ನೆಮ್ಮದಿಯಿಲ್ಲ?”

ಶಿಷ್ಯ ಗುರುಶಾಂತ ಹೀಗೆ ಕೇಳಿದಾಗ ಗುರುಗಳು ಮಠದ ಹಿಂದಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಕಾದರೆ ಶಿಷ್ಯ ತಾನೇ ಉಳಿದದ್ದನ್ನು ಹೇಳುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ಆ ಮಠದಲ್ಲಿ ಒಂದು ರೂಢಿಯಿತ್ತು. ಸೋಮವಾರದಂದು ಸುತ್ತಲಿನ ಊರಿನವರು ಬಂದು ತಮ್ಮ ಮನೆಯ ಇಕ್ಕಟ್ಟುಗಳನ್ನು ಹೇಳಿಕೊಳ್ಳುತ್ತಿದ್ದರು. ಮಾಡಿ ಎಂದೋ ಬೇಡ ಎಂದೋ ಮಠದಿಂದ ಒಂದು ಮಾತು ಪಡೆದು ಹೋಗುತ್ತಿದ್ದರು. ಗುರುಗಳಿಗೆ ವಯಸ್ಸಾದ ಮೇಲೆ ಆ ಕೆಲಸ ಗುರುಶಾಂತನ ಪಾಲಿಗೆ ಬಂತು. ಮೊದಮೊದಲು ಅವನು ಹುರುಪಿನಿಂದಲೇ ಹೇಳುತ್ತಿದ್ದ. ಒಮ್ಮೆ ಜಗಳವಾಡಿಕೊಂಡು ಬಂದ ಅಣ್ಣತಮ್ಮಂದಿರಿಗೆ, ಬೇರೆಯಾಗಬೇಡಿ, ಒಂದೇ ಒಲೆಯಲ್ಲಿರಿ ಎಂದ. ಅವರು ಒಂದೇ ಒಲೆಯಲ್ಲಿದ್ದು ಕೈಕೈ ಮಿಲಾಯಿಸಿದರು. ತಮ್ಮನ ತೋಳು ಮುರಿಯಿತು. ಊರಿನವರು ಅಣ್ಣನನ್ನು ಬಿಟ್ಟು ಗುರುಶಾಂತನನ್ನು ಬೈದರು.

ಅಂದಿನಿಂದ ಗುರುಶಾಂತ ಜಾಣನಾದ. ಯಾರೇ ಬರಲಿ, ಪೂರ್ತಿ ಕೇಳಿಸಿಕೊಳ್ಳುವುದು, ಸ್ವಲ್ಪ ಹೊತ್ತು ಕಣ್ಣು ಮುಚ್ಚುವುದು, ‘ನಿಮ್ಮ ಮನಸ್ಸಿಗೆ ತೋಚಿದಂತೆ ಮಾಡಿ, ಶಿವನಿದ್ದಾನೆ’ ಎನ್ನುವುದು. ಆ ಮಾತಿನಲ್ಲಿ ತಪ್ಪು ಹುಡುಕಲು ಶಿವನಿಂದಲೂ ಆಗುತ್ತಿರಲಿಲ್ಲ. ಎಂಥ ಶಾಂತಮೂರ್ತಿ ಎಂದು ಜನ ಹೊಗಳತೊಡಗಿದರು.

“ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು ಗಾದೆಯಿದೆಯಲ್ಲ, ಬುದ್ಧಿ. ಅದಕ್ಕೇ ನಾನು ಕುಳಿತುಬಿಟ್ಟೆ. ಆದರೆ ಇವತ್ತು ಒಬ್ಬ ತಾಯಿ ಬಂದಿದ್ದಾಳೆ. ಗಂಡನ ಮನೆಯಲ್ಲಿ ಮಗಳನ್ನು ಹೊಡೆಯುತ್ತಾರಂತೆ. ಕರೆದುಕೊಂಡು ಬರಲೋ, ಅಲ್ಲೇ ಬಿಡಲೋ ಎಂದು ಕೇಳಿದಳು. ನಾನು ಎಂದಿನ ಮಾತನ್ನೇ ಹೇಳಿದೆ. ಅವಳು ಏಳಲಿಲ್ಲ. ‘ನನ್ ಮನ್ಸಿಗೆ ಏನೂ ತೋಚ್ತಿಲ್ಲ ಬುದ್ಧಿ, ಅದ್ಕೇ ಅಲ್ವಾ ಇಲ್ಲಿಗ್ ಬಂದಿರೋದು’ ಎಂದು ಹಜಾರದಲ್ಲೇ ಕೂತಿದ್ದಾಳೆ. ಕರೆತಾ ಎಂದರೆ ಒಂದು ಸಂಸಾರ ಮುರಿದ ಪಾಪ. ಬಿಡು ಎಂದರೆ ಇನ್ನೊಂದು ಪಾಪ. ಏನೂ ಹೇಳದಿದ್ದರೆ ಪಾಪವಿಲ್ಲ, ಆದರೆ ಅವಳು ಏಳುತ್ತಿಲ್ಲ. ನನಗೆ ತಲೆಯೇ ಓಡುತ್ತಿಲ್ಲ.”

“ಕೂತುಕೋ. ಒಂದು ಆಟದ ಕತೆ ಹೇಳುತ್ತೇನೆ” ಎಂದರು ಗುರುಗಳು.

ಗುರುಶಾಂತ ಇನ್ನಷ್ಟು ಗೊಂದಲಗೊಂಡ. ಹಿಂದೆ ಪರದೇಶದ ಭಕ್ತರು ಗುರುಗಳನ್ನು ಪಾದಪೂಜೆಗೆಂದು ಕರೆಸಿಕೊಂಡಿದ್ದರು. ಪೂಜೆ ಮುಗಿದ ಮೇಲೆ ಆಟದ ಮೈದಾನಕ್ಕೂ ಕರೆದುಕೊಂಡು ಹೋಗಿದ್ದರು. ಪೂಜೆಯ ವಿಚಾರವನ್ನು ಗುರುಗಳು ಮತ್ತೆ ಎತ್ತಿದವರಲ್ಲ. ಆಟದ ವಿಚಾರ ಮಾತ್ರ ಆಗಾಗ ಬರುತ್ತಿತ್ತು.

ಗುರುಗಳು ಹೇಳಿದ ಕತೆ ಇದು.

ಕಡಲಾಚೆಯ ದೇಶದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ನಮ್ಮ ಕ್ರಿಕೆಟ್ಟಿನ ದಾಯಾದಿ; ಅದಕ್ಕೇ ಇದರವರಿಗೆ ಅದು ರುಚಿಸುವುದಿಲ್ಲ, ಅದರವರಿಗೆ ಇದು. ಒಬ್ಬ ಚೆಂಡೆಸೆಯುತ್ತಾನೆ. ಅವನನ್ನು ಎಸೆಗಾರ ಎನ್ನೋಣ. ಎದುರಿನವನು ದೊಣ್ಣೆಯಿಂದ ಹೊಡೆದು ಓಡುತ್ತಾನೆ. ದಾರಿಯಲ್ಲಿ ಮೂರು ನೆಲೆಗಳಿವೆ. ಮೂರನ್ನೂ ಮುಟ್ಟಿ, ಹೊರಟ ಜಾಗಕ್ಕೆ ಮರಳಿದರೆ ಒಂದು ಓಟ. ಪ್ರತಿ ನೆಲೆಗೂ ಒಬ್ಬ ಕಾವಲುಗಾರನಿದ್ದಾನೆ. ಎರಡನೆಯ ನೆಲೆಗೂ ಮೂರನೆಯ ನೆಲೆಗೂ ನಡುವೆ ಮತ್ತೊಬ್ಬ ನಿಲ್ಲುತ್ತಾನೆ. ಅವನಿಗೆ ಶಾರ್ಟ್‌ಸ್ಟಾಪ್ ಎಂದು ಹೆಸರು. ಅವನಿಗೆ ಸ್ವಂತದ್ದೊಂದು ನೆಲೆಯಿಲ್ಲ, ಇರುವುದು ಸಂದಿ. ಹೊಡೆದ ಚೆಂಡು ಹೆಚ್ಚಾಗಿ ನುಗ್ಗುವುದು ಆ ಸಂದಿಗೇ. ಅವನು ಅದನ್ನು ಗವಸಿನ ಕೈಯಲ್ಲಿ ಹಿಡಿಯಬೇಕು. ಹೊಡೆದವನು ಮೊದಲ ನೆಲೆ ಮುಟ್ಟುವುದಕ್ಕೆ ಮುಂಚೆ ಅಲ್ಲಿಗೆ ಎಸೆಯಬೇಕು. ರೆಪ್ಪೆ ಬಡಿದರೆ ಕೆಲಸ ಕೆಟ್ಟಿತು.

ಆ ಆಟದಲ್ಲಿ ಒಂದು ವಿಚಿತ್ರ ಕಟ್ಟಳೆಯಿದೆ. ಮೈದಾನದ ಮೇಲಿನ ಕೋಣೆಯಲ್ಲಿ ಒಬ್ಬ ತೀರ್ಪುಗಾರ ಕೂತಿರುತ್ತಾನೆ. ಕೈಗೆ ಬಂದ ಚೆಂಡನ್ನು ಕಾವಲುಗಾರ ಜಾರಿಸಿದರೆ, ಇಲ್ಲವೇ ಹಿಡಿದದ್ದನ್ನು ಅಡ್ಡಾದಿಡ್ಡಿ ಎಸೆದರೆ, ಅದು ಕಾವಲುಗಾರನ ‘ತಪ್ಪು’ ಎಂದು ಅವನು ತೀರ್ಮಾನಿಸುತ್ತಾನೆ. ಅಷ್ಟು ಜನರ ಎದುರು ದೊಡ್ಡ ಬೋರ್ಡಿನ ಮೇಲೆ ಅದು ಬೆಳಗುತ್ತದೆ. ಆದರೆ ಎಷ್ಟು ಓಡಿದರೂ ಚೆಂಡು ಕೈಗೆ ಸಿಗದೆ ಹೋದರೆ ಅದು ತಪ್ಪಲ್ಲ. ಹೊಡೆದವನ ‘ಹೊಡೆತ’ ಎಂದು ಬರುತ್ತದೆ. ಕಾವಲುಗಾರನ ಹೆಸರಿಗೆ ಮಸಿ ಹತ್ತುವುದಿಲ್ಲ.

ಒಬ್ಬ ಶಾರ್ಟ್‌ಸ್ಟಾಪ್ ಇದ್ದ. ಸಣ್ಣ ಊರಿನ ತಂಡದಲ್ಲಿ ಆಡುತ್ತಿದ್ದ ದಿನಗಳಲ್ಲೇ ಅವನು ಎಲ್ಲ ಚೆಂಡಿಗೂ ಓಡುತ್ತಿದ್ದ. ತನ್ನದಲ್ಲದ ಚೆಂಡಿಗೂ ಓಡುತ್ತಿದ್ದ. ಬೇರೆಯವರು ಹೋಯಿತು ಎಂದು ಕೈಬಿಟ್ಟದ್ದು ಅವನ ಗವಸಿಗೆ ಸಿಗುತ್ತಿತ್ತು. ಸಿಕ್ಕಿದ್ದರಲ್ಲಿ ಕೆಲವು ಜಾರುತ್ತಿದ್ದವು. ಹಾಗಾಗಿ ಬೋರ್ಡಿನ ಮೇಲೆ ಅವನ ತಪ್ಪುಗಳು ಬಹಳ. ಆ ತಂಡದ ಮುದಿ ಗುರು ಅದಕ್ಕೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ‘ಮೊದಲು ತಲುಪು. ಹಿಡಿಯುವುದು ಆಮೇಲಿನ ಮಾತು’ ಎನ್ನುತ್ತಿದ್ದ.

ಆ ತಂಡದಲ್ಲಿ ಒಬ್ಬ ಎಸೆಗಾರನಿದ್ದ. ಇಬ್ಬರೂ ಒಂದೇ ಡಕೋಟ ಬಸ್ಸಿನಲ್ಲಿ ಊರೂರು ಅಲೆದವರು. ಎಸೆಗಾರನದು ಮಿಂಚಿನ ಚೆಂಡಲ್ಲ. ಹೊಡೆದರೂ ನೆಲಕ್ಕೇ ಬೀಳುವಂತೆ, ಸಂದಿಗೇ ಹೋಗುವಂತೆ ಎಸೆಯುವುದು ಅವನ ಕಸುಬು. ಹಿಂದೆ ಗೆಳೆಯನಿದ್ದಾನೆ ಎಂಬ ಧೈರ್ಯದ ಮೇಲೆ ಆ ಕಸುಬು ನಡೆಯುತ್ತಿತ್ತು. ಕಾಲ ಕೂಡಿಬಂದು ಇಬ್ಬರೂ ಒಂದೇ ದೊಡ್ಡ ತಂಡಕ್ಕೆ ಸೇರಿದರು.

ಅಲ್ಲಿ ಒಂದು ಮುಖ್ಯ ಪಂದ್ಯದ ಕೊನೆಯ ಹೊತ್ತಿನಲ್ಲಿ ಚೆಂಡು ಸಂದಿಯ ತೀರ ಒಳಗೆ ಹೋಯಿತು. ಯಾರಿಗೂ ಎಟುಕುವಂಥದ್ದಲ್ಲ. ಶಾರ್ಟ್‌ಸ್ಟಾಪ್ ಹಾರಿ ಬಿದ್ದು ಹಿಡಿದ. ಎದ್ದವನೇ ಅವಸರದಲ್ಲಿ ಎಸೆದ. ಚೆಂಡು ಮೊದಲ ನೆಲೆಯವನ ತಲೆಯ ಮೇಲಿಂದ ಹೋಯಿತು. ಎದುರಾಳಿ ಓಡಿ ಬಂದ, ಪಂದ್ಯ ಹೋಯಿತು. ಬೋರ್ಡಿನ ಮೇಲೆ ‘ತಪ್ಪು’ ಎಂದು ಬೆಳಗಿತು. ಆ ಚಳಿಗಾಲವೆಲ್ಲ ಅವನು ಎಲ್ಲಿಗೆ ಹೋದರೂ ಆ ಒಂದು ಎಸೆತ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿರುತ್ತಿತ್ತು. ಹಾಲಿನಂಗಡಿಯವನೂ ಚಿಲ್ಲರೆ ಕೊಡುವಾಗ ನಿಟ್ಟುಸಿರು ಬಿಟ್ಟ. ಅವನಿಗೆ ಬಹಳ ಅವಮಾನವಾಯಿತು.

ಮಾರನೆಯ ವರ್ಷ ಅಂಥದೇ ಒಂದು ಚೆಂಡು ಬಂತು. ಒದ್ದೆ ಹುಲ್ಲಿನಲ್ಲಿ ಕಾಲು ಜಾರಿ ಅವನು ತಲುಪುವುದು ಅರ್ಧ ಹೆಜ್ಜೆ ತಡವಾಯಿತು. ಉದ್ದಕ್ಕೆ ಬಿದ್ದ. ಚೆಂಡು ಗವಸಿನ ಆಚೆಯಿಂದ ಹಾದುಹೋಯಿತು. ತಲೆ ತಗ್ಗಿಸಿಕೊಂಡು ಎದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಪಾಪ, ಎಷ್ಟು ಹಾರಿದ ಎನ್ನುತ್ತಿದ್ದರು. ಬೋರ್ಡಿನ ಮೇಲೆ ‘ಹೊಡೆತ’ ಎಂದಿತ್ತು.

ಅವನು ದಿಗ್ಭ್ರಮೆಗೊಂಡ. ಹಿಡಿದ ದಿನ ಉಗಿದರು, ಹಿಡಿಯದ ದಿನ ಹೊಗಳಿದರು. ಇದೆಂಥ ನ್ಯಾಯ ಎಂದು ಹಲವು ದಿನ ಯೋಚಿಸಿದ. ನ್ಯಾಯ ಅರ್ಥವಾಗಲಿಲ್ಲ, ದಾರಿ ಅರ್ಥವಾಯಿತು. ಸುಲಭದ ಚೆಂಡನ್ನು ಹಿಡಿದ. ಕಷ್ಟದ ಚೆಂಡಿಗೆ ಓಡಿದ, ಹಾರಿದ, ಮೈಯೆಲ್ಲ ಮಣ್ಣು ಮಾಡಿಕೊಂಡ. ಆದರೆ ಅರ್ಧ ಹೆಜ್ಜೆ ತಡವಾಗಿ. ಅದು ಮೇಲಿನ ಕೋಣೆಯವನಿಗೂ ಕಾಣಿಸಲಿಲ್ಲ. ತಪ್ಪುಗಳು ಇಳಿದವು, ಆಮೇಲೆ ಹೆಚ್ಚುಕಡಿಮೆ ನಿಂತೇಹೋದವು. ಅವನಿಗೆ ಬಹುಮಾನಗಳು ಬಂದವು. ತಾಯಂದಿರು ಮಕ್ಕಳಿಗೆ ಅವನನ್ನು ತೋರಿಸಿದರು.

ಇಲ್ಲಿಗೆ ಗುರುಶಾಂತ ತಡೆಯಲಾರದೆ ಕೇಳಿದ. “ಹಾಗಾದರೆ ಯಾರಿಗೂ ನಷ್ಟವಾಗಲಿಲ್ಲವಲ್ಲ, ಬುದ್ಧಿ? ಹೊಡೆದವನಿಗೂ ಒಳ್ಳೆಯ ಹೆಸರು, ಇವನಿಗೂ ಒಳ್ಳೆಯ ಹೆಸರು.”

“ಕಟ್ಟಳೆಯ ಉಳಿದರ್ಧವನ್ನು ನಾನಿನ್ನೂ ಹೇಳಿಲ್ಲ” ಎಂದು ಗುರುಗಳು ಮುಂದುವರಿಸಿದರು.

ಕಾವಲುಗಾರನ ತಪ್ಪಿನಿಂದ ಎದುರಾಳಿಗೆ ಓಟ ಹೋದರೆ ಎಸೆಗಾರನ ಮೇಲೆ ದೂರಿಲ್ಲ. ಪಾಪ, ಅವನೇನು ಮಾಡಿಯಾನು ಎಂದು ಬಿಟ್ಟುಬಿಡುತ್ತಾರೆ. ಆದರೆ ಹೊಡೆತದಿಂದ ಓಟ ಹೋದರೆ ಅದು ಎಸೆಗಾರನ ತಲೆಗೆ. ಇಂಥ ಚೆಂಡನ್ನು ಏಕೆ ಎಸೆದೆ ಎಂದು ಅವನನ್ನೇ ಕೇಳುತ್ತಾರೆ. ಶಾರ್ಟ್‌ಸ್ಟಾಪಿಗೆ ಇದು ಗೊತ್ತಿರಲಿಲ್ಲವೇ? ಆಟ ಕಲಿತ ದಿನದಿಂದ ಗೊತ್ತಿತ್ತು. ಗೊತ್ತಿರುವುದನ್ನು ನೋಡದೆ ಇರಲು ಮನುಷ್ಯನಿಗೆ ಏನು ಕಷ್ಟ?

ಗೆಳೆಯನ ಚೆಂಡುಗಳು ಹಿಂದಿನಂತೆಯೇ ಸಂದಿಗೆ ಹೋಗುತ್ತಿದ್ದವು. ಹಿಂದಿನಂತೆ ನಿಲ್ಲುತ್ತಿರಲಿಲ್ಲ. ಎಸೆಗಾರ ಕಂಗಾಲಾದ. ಬೆರಳು ಹಿಡಿಯುವ ರೀತಿ ಬದಲಿಸಿದ. ಹೆಜ್ಜೆ ಬದಲಿಸಿದ. ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡ. ಏನೂ ಕೆಟ್ಟಿರಲಿಲ್ಲ, ಆದ್ದರಿಂದ ಏನೂ ಸರಿಹೋಗಲಿಲ್ಲ. ಕೊನೆಗೆ ತಂಡದವರು ಅವನನ್ನು ಬಿಟ್ಟರು.

ಹೊರಡುವ ದಿನ ಅವನು ತನ್ನ ಬೂಟು ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಶಾರ್ಟ್‌ಸ್ಟಾಪ್ ಬಾಗಿಲಲ್ಲಿ ನಿಂತಿದ್ದ.

‘ನನ್ನ ಕೈ ಹೋಯಿತು ಕಣೋ’ ಎಂದ ಎಸೆಗಾರ. ‘ಎಲ್ಲಿ ಹೋಯಿತು, ಯಾವಾಗ ಹೋಯಿತು, ಒಂದೂ ತಿಳಿಯಲಿಲ್ಲ. ಹಿಂದೆ ನೀನಿದ್ದೆ ಅಂತ ಇಷ್ಟು ದಿನವಾದರೂ ನಡೆಯಿತು. ಬೇರೆ ಯಾರಾದರೂ ಇದ್ದಿದ್ದರೆ ಯಾವತ್ತೋ ಮನೆಗೆ ಕಳಿಸುತ್ತಿದ್ದರು. ನಿನ್ನ ಉಪಕಾರ ಮರೆಯುವುದಿಲ್ಲ.’

ಶಾರ್ಟ್‌ಸ್ಟಾಪಿನ ಬಾಯಿಯವರೆಗೆ ಮಾತು ಬಂತು. ಹೇಳಿದರೆ ಗೆಳೆಯನ ಕೈ ಅವನಿಗೆ ಮರಳಿ ಸಿಗುತ್ತಿತ್ತು. ತನ್ನ ಹೆಸರು ಹೋಗುತ್ತಿತ್ತು. ‘ಮೈ ಹುಷಾರು’ ಎಂದಷ್ಟೇ ಹೇಳಿ ಚೀಲದ ಒಂದು ಕಿವಿ ಹಿಡಿದು ಬಸ್ಸಿನವರೆಗೆ ಹೋಗಿ ಬಂದ.

ಇನ್ನು ಮೇಲೆ ತಪ್ಪಾದರೂ ಆಗಲಿ, ಮೊದಲಿನಂತೆ ಓಡುತ್ತೇನೆ ಎಂದು ಅವನು ನಿಶ್ಚಯಿಸಿದ. ಹೊಸ ಎಸೆಗಾರ ಬಂದ. ಚೆಂಡು ಸಂದಿಗೆ ಬಂತು. ಶಾರ್ಟ್‌ಸ್ಟಾಪ್ ಪ್ರಾಣ ಪಣಕ್ಕಿಟ್ಟು ಓಡಿದ. ಅರ್ಧ ಹೆಜ್ಜೆ ತಡವಾಯಿತು. ಮತ್ತೊಮ್ಮೆ ಓಡಿದ. ಮತ್ತೆ ಅರ್ಧ ಹೆಜ್ಜೆ. ಈಗ ಅವನಿಗೆ ನಿಜವಾದ ಗೊಂದಲ ಹಿಡಿಯಿತು. ಕಾಲಿಗೆ ವಯಸ್ಸಾಯಿತೋ, ಕಾಲಿಗೆ ತಾನು ಕಲಿಸಿದ ಪಾಠವನ್ನೇ ಅದು ಒಪ್ಪಿಸುತ್ತಿದೆಯೋ? ಓಡುತ್ತಿರುವವನು ತಾನೋ, ಓಡಿದಂತೆ ನಟಿಸುತ್ತಿದ್ದ ಹಳೆಯವನೋ? ಯಾರನ್ನು ಕೇಳುವುದು? ಕೇಳಿದರೆ ಏನೆಂದು ಕೇಳುವುದು? ಜನ ಮಾತ್ರ ಎಂದಿನಂತೆ ಚಪ್ಪಾಳೆ ತಟ್ಟುತ್ತಿದ್ದರು.

ಕೆಲವು ವರ್ಷಕ್ಕೆ ಅವನನ್ನು ಮೂರನೆಯ ನೆಲೆಗೆ ಸರಿಸಿದರು. ಅಲ್ಲಿ ಅಷ್ಟು ಓಡಬೇಕಿಲ್ಲ. ಆಮೇಲೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಒಂದು ದಿನ ಮೈದಾನದ ನಡುವೆ ನಿಲ್ಲಿಸಿ ಬೀಳ್ಕೊಟ್ಟರು. ಕಳಂಕವಿಲ್ಲದ ಕೈ ಎಂದು ಮೈಕಿನಲ್ಲಿ ಸಾರಿದರು. ಎಲ್ಲರೂ ಎದ್ದು ನಿಂತರು. ಅವನು ಕೈ ಮೇಲೆತ್ತಿ ಜನರಿಗೆ ವಂದಿಸಿದ. ಎಸೆಗಾರ ನಿಲ್ಲುವ ದಿಬ್ಬದ ಕಡೆ ನೋಡಲು ಅವನಿಂದ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಆ ಎಸೆಗಾರನಿಗೆ ಅವನು ಕೊನೆಗಾದರೂ ನಿಜ ಹೇಳಿದನೇ, ಬುದ್ಧಿ?”

“ನೀನೇನೂ ಹೆದರಬೇಡ, ನಾಳೆ ಆ ಮಗಳಿಗೆ ಏನಾದರೂ ಆದರೆ ತಪ್ಪು ಅವಳ ತಾಯಿಯ ಹೆಸರಿಗೇ ಹೋಗುತ್ತದೆ” ಎಂದರು ಗುರುಗಳು.