ಚುಚ್ಚುವ ಗಂಟು

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠ. ಅಲ್ಲಿ ಈರಯ್ಯಜ್ಜ ಎಂಬ ಗುರುಗಳಿದ್ದರು. ಕಣ್ಣಿಲ್ಲದವರಿಗೆ, ಕೈಕಾಲು ಸ್ವಾಧೀನ ತಪ್ಪಿದವರಿಗೆ ಅವರವರ ಮೈಗೆ ಒಗ್ಗುವಂಥ ಕಸರತ್ತು ಕಲಿಸುವುದೇ ಅವರು ಹಿಡಿದ ವ್ರತ.

ಮುಪ್ಪಿನಲ್ಲಿ ಅಜ್ಜನ ಕಣ್ಣೂ ಮಂಜಾಯಿತು. ಕಲಿಸುವ ಕೆಲಸ ಶಿಷ್ಯ ಬಸಲಿಂಗನ ಹೆಗಲಿಗೆ ಬಂತು.

ಹನ್ನೊಂದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಬಸಲಿಂಗ ಗುರುಗಳ ಪಾದ ಮುಟ್ಟಿದ. ಮತ್ತೆ ಎದ್ದು ನಿಲ್ಲಲು ಸ್ವಲ್ಪ ಹೊತ್ತೇ ಹಿಡಿಯಿತು.

"ನನ್ನ ಕೈಲಿ ಇನ್ನ ಆಗೂದಿಲ್ರೀ ಅಜ್ಜಾರ. ಬಿಟ್ಟು ಹೋಗ್ತೀನಿ."

ಕಾರಣವನ್ನೂ ಅವನೇ ಹೇಳಿಕೊಂಡ. ಮೊಣಕಾಲು ಬಾತಿವೆ, ನಡ ಹಿಡಿದಿದೆ. ಇಷ್ಟಾಗಿ ಫಲವೇನು? ಕಣ್ಣು ಕಾಣದ ಆ ಗಂಗವ್ವ, ಮೂರು ವರ್ಷವಾದರೂ ಒಬ್ಬಳೇ ಒಂದು ಹೆಜ್ಜೆ ಓಡಿಲ್ಲ. ಕೈ ಬಿಡವ್ವ ಅಂದರೆ, ಮೊದಲು ನೀವು ಬಿಡ್ರಿ ಎಂದು ನಗುತ್ತಾಳೆ.

ಅಜ್ಜನೂ ನಕ್ಕರು.

"ಹೋಗುವಂತಿ. ಅದಕ್ಕ ಮೊದಲ ನನಗೊಂದಿಷ್ಟು ಓಡೂದು ಕಲಿಸು. ನಾನೂ ಈಗ ಗಂಗವ್ವನ ಸಾಲಿನಾಂವ."

ದಂಡೆಯ ಮೇಲೆ ಬೇವಿನ ಮರದಿಂದ ಅತ್ತಿಮರದವರೆಗೆ ನಡುಮಟ್ಟಕ್ಕೆ ಒಂದು ನಾರಿನ ಹಗ್ಗ ಕಟ್ಟಿತ್ತು. ಕಣ್ಣಿಲ್ಲದವರು ಅದನ್ನು ಹಗುರಾಗಿ ಹಿಡಿದು ಓಡಬೇಕು. ಅತ್ತಿಮರ ಐದು ಹೆಜ್ಜೆ ಇದೆ ಅನ್ನುವಲ್ಲಿ ಹಗ್ಗಕ್ಕೊಂದು ಗಂಟು. ಗಂಟು ಕೈಗೆ ಸಿಕ್ಕರೆ ನಿಲ್ಲಬೇಕು.

ಬಸಲಿಂಗ ಗುರುಗಳ ಎಡಗೈಯನ್ನು ಹಗ್ಗದ ಮೇಲಿಟ್ಟು, ಬಲರಟ್ಟೆಯನ್ನು ತಾನು ಹಿಡಿದ. ಅಜ್ಜ ಕೆಮ್ಮುತ್ತ ಓಡಿದರು. ಇಲ್ಲಿ ತಗ್ಗು, ಇಲ್ಲಿ ಬೇರು ಎನ್ನುತ್ತ ಅವನೂ ಮಗ್ಗುಲಲ್ಲೇ ಏದುಸಿರು ಬಿಡುತ್ತ ಓಡಿದ. ಗಂಟಿಗೆ ಇನ್ನೊಂದು ಮೊಳ ಇರುವಾಗಲೇ, ಎಲ್ಲರನ್ನೂ ನಿಲ್ಲಿಸುವಂತೆ ಅವರನ್ನೂ ಎಳೆದು ನಿಲ್ಲಿಸಿದ.

"ಸಾಕ್ರೀ ಅಜ್ಜಾರ. ಮುಂದ ಮರ ಐತಿ."

ಅಜ್ಜ ಎಡಗೈಯನ್ನು ಮುಂದಕ್ಕೆ ಸರಿಸಿದರು. ಗಂಟು ಸಿಕ್ಕಿತು. ಬಹಳ ಹೊತ್ತು ಅದನ್ನೇ ಸವರಿದರು.

"ಈ ಹಗ್ಗ ಕಟ್ಟಿ ಎಷ್ಟು ವರ್ಷಾತು?"

"ಆರು ವರ್ಷಾತ್ರಿ."

"ಹಗ್ಗೆಲ್ಲಾ ಸವದು ನುಣ್ಣಗಾಗೈತಿ. ಗಂಟು ಇನ್ನೂ ಚುಚ್ಚತೈತಿ."

ಬಸಲಿಂಗ ತಾನೂ ಮುಟ್ಟಿ ನೋಡಿದ. ನಾರು ಬೆರಳಿಗೆ ಚುಚ್ಚಿತು. ಇನ್ನೊಂದು ಕೈ ಗುರುಗಳ ರಟ್ಟೆಯನ್ನು ಹಿಡಿದೇ ಇದ್ದದ್ದು ಆಗ ಅವನ ಗಮನಕ್ಕೆ ಬಂತು. ಬಿಟ್ಟ.

ಅಷ್ಟರಲ್ಲಿ ಬೇವಿನ ಮರದ ಕಡೆಯಿಂದ ಗಂಗವ್ವನ ಕೂಗು ಕೇಳಿತು. ಕೋಲು ಮರಕ್ಕೆ ಆನಿಸಿ, ಹಗ್ಗ ಹಿಡಿದು, ಬಸಲಿಂಗ ಸರ್ ಎಲ್ಲಿದ್ದಾರೆ ಎಂದು ಕೇಳುತ್ತಿದ್ದಳು.

ಬಸಲಿಂಗನ ಕಾಲು ತಾವಾಗಿಯೇ ಅತ್ತ ಹೊರಟವು. ಅಜ್ಜ ತಡಕಾಡಿ ಅವನ ಹೆಗಲು ಹಿಡಿದು, ಅತ್ತಿಮರದ ಬುಡದಲ್ಲಿ ಕೂರಿಸಿದರು.

"ಇಲ್ಲೇ ಕೂತು ಆಕಿನ್ನ ಕರಿ, ತಮ್ಮಾ. ದಣಿದೀಯಲ್ಲ, ಏಳಬ್ಯಾಡ."