ಗೊತ್ತಿದ್ದವನ ಹರಿಗೋಲು

“ಕಲಿಸದವರ ಹತ್ತಿರ ಕಲಿಯುವುದು ಹೇಗೆ, ಮೇಷ್ಟ್ರೇ?” ಎಂದು ಕುಮುದಾ ಕೇಳಿದಳು.

ಅವಳು ಡಿಪ್ಲೊಮಾ ಕೊನೆಯ ವರ್ಷದ ವಿದ್ಯಾರ್ಥಿನಿ. ಕಾಲೇಜಿನವರು ಅವಳನ್ನು ನಾಲ್ಕು ತಿಂಗಳ ತರಬೇತಿಗೆಂದು ಪಕ್ಕದ ಊರಿನ ಪಂಪು ರಿಪೇರಿ ಕಾರ್ಖಾನೆಗೆ ಕಳಿಸಿದ್ದರು. ಐದು ವಾರ ಕಳೆದಿತ್ತು. ತನ್ನನ್ನು ಅಲ್ಲಿಂದ ಬಿಡಿಸಿ ಬೇರೆ ಕಡೆ ಹಾಕಬೇಕೆಂದು ಅರ್ಜಿ ಬರೆದುಕೊಂಡು ಬಂದಿದ್ದಳು. ಅದಕ್ಕೆ ಹಾಲಪ್ಪ ಮೇಷ್ಟ್ರ ಸಹಿ ಬೇಕಿತ್ತು.

“ಏನು ಕೆಲಸ ಕೊಟ್ಟಿದ್ದಾರೆ?” ಎಂದರು ಮೇಷ್ಟ್ರು.

“ಬೇರಿಂಗು ತೊಳೆಯುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಸೀಮೆಎಣ್ಣೆಯಲ್ಲಿ ತೊಳೆಯುತ್ತೇನೆ. ಯಜಮಾನರು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. ಕೆಲವನ್ನು ಈ ಡಬ್ಬಕ್ಕೆ ಹಾಕುತ್ತಾರೆ, ಕೆಲವನ್ನು ಆ ಡಬ್ಬಕ್ಕೆ. ಮುಗಿಯಿತು. ನನ್ನ ಕೈ ಮೂಸಿ ನೋಡಿ, ಮನೆಯಲ್ಲಿ ಒಲೆ ಹಚ್ಚುವುದಕ್ಕೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ.”

“ಮೊದಲ ದಿನ ಯಜಮಾನರು ಏನಾದರೂ ಕೇಳಿದರೇ?”

“ಪಂಪಿನ ಕೆಲಸ ಗೊತ್ತೇನಮ್ಮ ಎಂದರು.”

“ನೀನು?”

“ಗೊತ್ತು ಎಂದೆ. ಕಾಲೇಜಿನ ಮರ್ಯಾದೆಯ ಪ್ರಶ್ನೆ ಅಲ್ಲವೇ, ಮೇಷ್ಟ್ರೇ?”

ಹಾಲಪ್ಪ ಮೇಷ್ಟ್ರು ಅರ್ಜಿಯನ್ನು ತೆಗೆದುಕೊಳ್ಳಲಿಲ್ಲ. “ಕೂತುಕೋ” ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ವಿದ್ಯಾಶಾಲೆ ಇತ್ತು. ಅಲ್ಲಿ ಮರ, ಮಣ್ಣು, ಬಿದಿರಿನ ಕೆಲಸಗಳನ್ನು ಹೇಳಿಕೊಡುತ್ತಿದ್ದರು. ಪಾಠ ಮುಗಿದ ಮೇಲೆ ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಮೂರು ತಿಂಗಳ ಕಾಲ ಒಬ್ಬ ಕಸುಬುದಾರನ ಮನೆಯಲ್ಲಿ ಬಿಡುತ್ತಿದ್ದರು. ಕೊನೆಯಲ್ಲಿ ಅವನು ತನ್ನ ಕೈಯಾರೆ ಒಂದು ವಸ್ತು ಮಾಡಬೇಕು. ಮನೆಯವರು ಅದನ್ನು ಒಪ್ಪಿದರೆ ಅವನು ಗೆದ್ದ. ಒಪ್ಪದಿದ್ದರೆ ಮತ್ತೆ ಮೊದಲ ವರ್ಷದವರ ಜೊತೆ ಚಾಪೆಯ ಮೇಲೆ ಕೂರಬೇಕು.

ಹಾಗೆ ಒಬ್ಬ ವಿದ್ಯಾರ್ಥಿ ಹೊಳೆದಂಡೆಯ ಹರಿಗೋಲುಗಾರನ ಮನೆಗೆ ಹೋದ. ವಿದ್ಯಾರ್ಥಿಗೆ ಬಿದಿರಿನ ಬಗ್ಗೆ ಇದ್ದ ಪಾಠವೆಲ್ಲ ಬಾಯಿಪಾಠವಾಗಿತ್ತು. ಹರಿಗೋಲನ್ನು ಮಾತ್ರ ಅವನು ಸೇತುವೆಯ ಮೇಲೆ ನಿಂತು ನೋಡಿದ್ದ. ಮೇಲಿನಿಂದ ಅದು ರೊಟ್ಟಿಯ ಬುಟ್ಟಿಯ ಹಾಗೆ ಕಂಡಿತ್ತು. ಇದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದ.

ಹರಿಗೋಲುಗಾರ ಅವನಿಗೆ ನೀರು ಕೊಟ್ಟು, ಜಗಲಿಯಲ್ಲಿ ಕೂರಿಸಿ ಕೇಳಿದ, “ತಮಗೆ ಈ ಕೆಲಸ ಗೊತ್ತೇ?”

ಗೊತ್ತಿಲ್ಲ ಎಂದರೆ ವಿದ್ಯಾಶಾಲೆಯ ಹೆಸರಿಗೆ ಏನಾದೀತು? “ಗೊತ್ತು” ಎಂದ.

ಅಲ್ಲಿಗೆ ಅವನ ಮೂರು ತಿಂಗಳು ಹೊಳೆಗೆ ಬಿತ್ತು.

ಏಕೆಂದರೆ ಆ ಕೇರಿಯಲ್ಲಿ ಒಂದು ಕಟ್ಟಳೆ ಇತ್ತು. ಗೊತ್ತಿದ್ದವನಿಗೆ ಅವನಾಗಿ ಕೇಳದೆ ಹೇಳಿಕೊಡಬಾರದು. ಹೇಳಿದರೆ ಅವನನ್ನು ದಡ್ಡನೆಂದು ಕರೆದ ಹಾಗೆ. ಒಬ್ಬ ಭಾವ ತನ್ನ ಭಾವಮೈದುನನಿಗೆ ‘ಗಂಟನ್ನು ಎಡಕ್ಕೆ ಹಾಕು’ ಎಂದು ಒಂದೇ ಒಂದು ಮಾತು ಹೇಳಿದ್ದಕ್ಕೆ ಎರಡು ಮನೆಗಳ ನಡುವೆ ಹನ್ನೊಂದು ವರ್ಷ ಹೋಗಿಬರುವುದು ನಿಂತಿತ್ತು. ಹರಿಗೋಲುಗಾರ ಅಂಥ ತಪ್ಪು ಮಾಡುವವನಲ್ಲ. ಕೈಮುಗಿದು, “ಒಳ್ಳೆಯದಾಯಿತು. ಹಾಗಾದರೆ ದಬ್ಬೆಗಳನ್ನು ತಾವೇ ನೋಡಿಕೊಳ್ಳಿ” ಎಂದು ಹೊಳೆಯ ಅಂಚು ತೋರಿಸಿದ.

ದಬ್ಬೆ ಎಂದರೆ ಬಿದಿರಿನ ಸೀಳು. ಅವನ್ನು ನೀರಿನಲ್ಲಿ ನೆನೆಹಾಕಿ, ತೇಲಿಹೋಗದಂತೆ ಮೇಲೆ ಕಲ್ಲು ಇಡಬೇಕು. ಬೆಳಿಗ್ಗೆ ಮಗುಚಿ ಹಾಕಬೇಕು. ವಿದ್ಯಾರ್ಥಿ ದಿನವೂ ಮೊಣಕಾಲು ನೀರಿನಲ್ಲಿ ನಿಂತು ಮಗುಚಿದ. ಹರಿಗೋಲುಗಾರ ಬರುತ್ತಿದ್ದ. ಒಂದೊಂದಕ್ಕೂ ಉಗುರು ಒತ್ತುತ್ತಿದ್ದ. ಕೆಲವನ್ನು ದಡಕ್ಕೆ ಎಸೆಯುತ್ತಿದ್ದ, ಕೆಲವನ್ನು ಮತ್ತೆ ನೀರಿಗೆ ಬಿಡುತ್ತಿದ್ದ. ಏನೂ ಹೇಳದೆ ಹೋಗುತ್ತಿದ್ದ.

ಯಾಕೆ ಹೀಗೆ ಎಂಬ ಪ್ರಶ್ನೆ ವಿದ್ಯಾರ್ಥಿಯ ಗಂಟಲಿನವರೆಗೆ ಬರುತ್ತಿತ್ತು. ಗೊತ್ತು ಎಂದವನು ಕೇಳುವುದು ಹೇಗೆ? ನುಂಗಿಕೊಳ್ಳುತ್ತಿದ್ದ. ಮೊದಲ ವಾರ ನುಂಗುವುದು ಕಷ್ಟವಾಯಿತು. ಆಮೇಲೆ ರೂಢಿಯಾಯಿತು. ಇವರು ನನ್ನನ್ನು ಆಳಿನ ಹಾಗೆ ದುಡಿಸುತ್ತಿದ್ದಾರೆ ಎಂದು ಕೋಪ ಬಂತು. ಕೋಪ ಬಂದ ಮೇಲೆ ಪ್ರಶ್ನೆಯೂ ಬರಲಿಲ್ಲ.

ಆ ಮನೆಯಲ್ಲಿ ಹರಿಗೋಲುಗಾರನ ತಾಯಿ ಇದ್ದಳು. ಬಾಯಲ್ಲಿ ಹಲ್ಲು ಇರಲಿಲ್ಲ, ನಾಲಿಗೆ ಮಾತ್ರ ಗಟ್ಟಿಯಾಗಿತ್ತು. ಊಟಕ್ಕೆ ಬಡಿಸುವಾಗ ಅವಳು ಸೊಸೆಗೆ ಹೇಳುತ್ತಿದ್ದಳು, “ಈ ಪಂಡಿತ ಉಣ್ಣುವಾಗ ಮಾತ್ರ ಬಾಯಿ ತೆರೆಯುತ್ತಾನೆ ನೋಡು. ಇನ್ನೊಂದು ಮುದ್ದೆ ಹಾಕು, ಇನ್ನೊಂದು ಸಲ ತೆರೆಯಲಿ.”

ಹದಿನೈದು ದಿನ ಉಳಿದವು. ಹರಿಗೋಲುಗಾರ ಬಂದು ಹೇಳಿದ, “ಇನ್ನು ತಾವು ಒಂದು ಹರಿಗೋಲು ನೇಯಬೇಕು. ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ಹರಿಗೋಲು ನೀರಿಗಿಳಿದಾಗ ನೇಯ್ದವನೇ ಹುಟ್ಟು ಹಾಕಬೇಕು, ಮನೆಯ ಹಿರಿಯಳು ಎದುರಿಗೆ ಕೂತಿರಬೇಕು. ನಮ್ಮ ತಾಯಿ ಆ ದಡ ಮುಟ್ಟಿದರೆ ತಮ್ಮ ಶಾಲೆಗೆ ಹೇಳಿಕಳಿಸುತ್ತೇನೆ.”

“ಆಗಲಿ” ಎಂದ ವಿದ್ಯಾರ್ಥಿ.

ಮಾರನೆಯ ದಿನ ದಬ್ಬೆಗಳ ಹೊರೆಯಿಂದ ಅಂದವಾಗಿ ಕಂಡವನ್ನು ಆರಿಸಿ ಎಲ್ಲವನ್ನೂ ಒಟ್ಟಿಗೆ ನೆನೆಹಾಕಿದ. ಮೂರು ದಿನ ಬಿಟ್ಟು ಎಲ್ಲವನ್ನೂ ಒಟ್ಟಿಗೆ ತೆಗೆದ. ಮರಳಿನ ಮೇಲೆ ನಕ್ಷತ್ರದ ಹಾಗೆ ಹರಡಿ, ನಡುವೆ ಕಲ್ಲು ಹೇರಿ, ತಳ ನೇಯ್ದ. ಅದು ಚೆನ್ನಾಗಿಯೇ ಬಂತು. ಇಷ್ಟು ದಿನ ಕಣ್ಣಂತೂ ಮುಚ್ಚಿರಲಿಲ್ಲವಲ್ಲ. ಆಮೇಲೆ ಅಂಚಿಗೆ ಹಾಕುವ ದಪ್ಪ ದಬ್ಬೆಯನ್ನು ಎತ್ತಿ ಬಗ್ಗಿಸಿದ.

ಟಪ್ ಎಂದಿತು.

ಇನ್ನೊಂದನ್ನು ಬಗ್ಗಿಸಿದ. ಅದೂ ಮುರಿಯಿತು. ಮೂರನೆಯದೂ ಮುರಿಯಿತು.

ಸದ್ದು ಕೇಳಿ ಕೇರಿಯವರು ಬಂದು ನಿಂತರು. ಎಲ್ಲರಿಗೂ ತಪ್ಪು ಎಲ್ಲಿದೆ ಎಂದು ಗೊತ್ತು. ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬ ಕೆಮ್ಮಿದ. ಇನ್ನೊಬ್ಬ ಪಾಪ, ನೋಡಲಾರದೆ ಬೆನ್ನು ತಿರುಗಿಸಿ ನಿಂತ. ಅಷ್ಟು ಮರ್ಯಾದಸ್ಥರು. ಹರಿಗೋಲುಗಾರ ದೂರದಲ್ಲಿ ಕೂತು ಹಳೆಯ ಹುಟ್ಟೊಂದನ್ನು ಹೆರೆಯುತ್ತಿದ್ದ. ಅದು ಹೆರೆದು ಹೆರೆದು ಸೌಟಿನಷ್ಟಾಗಿತ್ತು.

ಅಷ್ಟರಲ್ಲಿ ಅಜ್ಜಿ ಎಲೆಅಡಿಕೆ ಚೀಲದೊಂದಿಗೆ ಬಂದು ಮರಳಿನ ಮೇಲೆ ಕೂತಳು.

“ನಾನು ಹೊಳೆ ದಾಟುವುದು ಇದರಲ್ಲಿಯೋ?”

“ಹೌದು ಅಜ್ಜಿ.”

ನಾಲ್ಕನೆಯ ದಬ್ಬೆ ಮುರಿಯಿತು.

“ನನಗೆ ಈಜು ಬರುವುದಿಲ್ಲ” ಎಂದಳು ಅಜ್ಜಿ.

ವಿದ್ಯಾರ್ಥಿ ಐದನೆಯ ದಬ್ಬೆಗೆ ಕೈ ಚಾಚಿದ.

“ನಿನ್ನ ಮರ್ಯಾದೆಗೆ ಈಜು ಬರುತ್ತದೆಯೇನು? ಬಂದರೆ ಹೇಳು. ಈ ಬುಟ್ಟಿ ಯಾಕೆ, ಅದರ ಮೇಲೆಯೇ ಕೂತು ಹೋಗುತ್ತೇನೆ.”

ವಿದ್ಯಾರ್ಥಿ ಅವಳನ್ನು ನೋಡಿದ. ಒಣಗಿದ ಕಡ್ಡಿಯಂಥ ಮುದುಕಿ. ಹೊಳೆಯನ್ನು ನೋಡಿದ. ಚಾಪೆಯ ಮೇಲೆ ಮೊದಲ ವರ್ಷದವರ ಜೊತೆ ಕೂರುವುದು ಆಗ ಅವನಿಗೆ ದೊಡ್ಡದೆನಿಸಲಿಲ್ಲ. ಎದ್ದು ನೆಟ್ಟಗೆ ಹರಿಗೋಲುಗಾರನ ಬಳಿಗೆ ಹೋದ.

“ಯಜಮಾನರೇ, ನನಗೆ ಗೊತ್ತಿಲ್ಲ.”

ಹರಿಗೋಲುಗಾರನ ಕೈಯಿಂದ ಹುಟ್ಟು ಬಿತ್ತು. “ಏನು ಗೊತ್ತಿಲ್ಲ?”

“ಏನೂ ಗೊತ್ತಿಲ್ಲ. ಮೊದಲ ದಿನವೂ ಗೊತ್ತಿರಲಿಲ್ಲ. ಈ ದಬ್ಬೆ ಯಾಕೆ ಮುರಿಯುತ್ತದೆ?”

ಹರಿಗೋಲುಗಾರ ದೊಡ್ಡದಾಗಿ ಉಸಿರು ಬಿಟ್ಟ. “ಅಯ್ಯೋ ಮಾರಾಯ, ಬಾಯಿ ಕಟ್ಟಿಕೊಂಡು ನನಗೆ ಹೊಟ್ಟೆಯುಬ್ಬರ ಬಂದಿತ್ತು. ಬಾ ಇಲ್ಲಿ, ಕೂತುಕೋ” ಎಂದ. ಅಷ್ಟು ದಿನ ತಾವು, ತಮ್ಮ ಎನ್ನುತ್ತಿದ್ದವನು ಅಂದು ಮೊದಲ ಬಾರಿಗೆ ಅವನನ್ನು ಏಕವಚನದಲ್ಲಿ ಕರೆದ. ವಿದ್ಯಾರ್ಥಿಗೆ ಯಾಕೋ ಮನೆಗೆ ಬಂದ ಹಾಗಾಯಿತು.

ಕೇರಿಗೆ ಕೇರಿಯೇ ಬಾಯಿ ಬಿಟ್ಟಿತು. ಬೆನ್ನು ತಿರುಗಿಸಿದವನು ಎಲ್ಲರಿಗಿಂತ ಮೊದಲು ತಿರುಗಿದ. “ಬಿದಿರಿನ ಬುಡದ ದಪ್ಪ ದಬ್ಬೆ ಎಂಟು ದಿನ ನೆನೆಯಬೇಕಪ್ಪ” ಎಂದ ಒಬ್ಬ. “ತುದಿಯದಕ್ಕೆ ಮೂರೇ ದಿನ ಸಾಕು” ಎಂದ ಇನ್ನೊಬ್ಬ. ಗಂಟಿನ ಭಾವ ಅಲ್ಲೇ ಇದ್ದ. ಬಾಯಿ ತೆರೆದವನು ಭಾವಮೈದುನನ ಮುಖ ನೋಡಿ ಮುಚ್ಚಿಕೊಂಡ.

ಹರಿಗೋಲುಗಾರ ಅವನನ್ನು ಮನೆಯ ದಬ್ಬೆಗಳು ನೆನೆಯುತ್ತಿದ್ದ ಕಡೆ ನೀರಿಗಿಳಿಸಿದ. “ಉಗುರು ಒತ್ತು. ಜಾರಿದರೆ ಇನ್ನೂ ಆಗಿಲ್ಲ. ಒಳಗೆ ಇಳಿದು ನೀರು ಒಸರಿದರೆ ಆಯಿತು.”

ವಿದ್ಯಾರ್ಥಿ ಒತ್ತಿದ. ಒಂದನ್ನು ಮುಟ್ಟಿದೊಡನೆ ಇದಲ್ಲ ಎಂದು ಗೊತ್ತಾಯಿತು. ಇನ್ನೊಂದನ್ನು ಮುಟ್ಟಿದೊಡನೆ ಇದೇ ಎಂದು ಗೊತ್ತಾಯಿತು. ಉಗುರು ಒತ್ತುವ ಮೊದಲೇ ಗೊತ್ತಾಗುತ್ತಿತ್ತು. ಅವನಿಗೇ ಆಶ್ಚರ್ಯವಾಯಿತು.

“ಎರಡೂವರೆ ತಿಂಗಳು ಮಗುಚಿದ್ದೀಯಲ್ಲ” ಎಂದ ಹರಿಗೋಲುಗಾರ. “ನಿನ್ನ ಬೆರಳಿಗೆ ಆಗಲೇ ಬಂದಿತ್ತು. ನಿನಗೆ ಹೇಳುವುದಕ್ಕೆ ಅದಕ್ಕೂ ಸಂಕೋಚ.”

ಅವನು ಆರಿಸಿದ ದಬ್ಬೆ ಬಳೆಯ ಹಾಗೆ ಬಗ್ಗಿತು. ಮುರಿಯಲಿಲ್ಲ.

ಉಳಿದ ದಿನಗಳಲ್ಲಿ ಅವನು ಕೇಳಿದ್ದೇ ಕೇಳಿದ್ದು. ಚರ್ಮವನ್ನು ಯಾವ ಕಡೆಯಿಂದ ಹೊದಿಸಬೇಕು, ಹೊಲಿಗೆಗೆ ಏನು ಮೆತ್ತಬೇಕು, ಎಷ್ಟು ಜನ ಕೂತರೆ ಎಷ್ಟು ಮುಳುಗುತ್ತದೆ. ಗಂಟನ್ನು ಯಾವ ಕಡೆಗೆ ಹಾಕಬೇಕೆಂದು ಭಾವನನ್ನೂ ಭಾವಮೈದುನನನ್ನೂ ಒಟ್ಟಿಗೆ ಕೂರಿಸಿ ಕೇಳಿದ. ಅವರು ಅವನಿಗೆ ಹೇಳುವ ನೆಪದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರು. ಅಜ್ಜಿ ಸೊಸೆಗೆ ಹೇಳಿದಳು, “ಮೊದಲು ಉಣ್ಣುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದ. ಈಗ ಉಣ್ಣುವುದಕ್ಕೂ ಬಾಯಿಗೆ ಬಿಡುವಿಲ್ಲ.”

ದಾಟುವ ದಿನ ಬಂತು. ಅಜ್ಜಿ ಹೊಸ ಸೀರೆ ಉಟ್ಟು ಕೂತಳು. ವಿದ್ಯಾರ್ಥಿ ಹುಟ್ಟು ಹಿಡಿದ. ಹರಿಗೋಲಿನ ಒಳಗೆ ಒಂದು ಹನಿ ನೀರು ಬರಲಿಲ್ಲ. ನಡುಹೊಳೆಗೆ ಹೋದೊಡನೆ ಮಾತ್ರ ಅದು ಬೀಸುಕಲ್ಲಿನ ಹಾಗೆ ಗಿರ್ರನೆ ತಿರುಗತೊಡಗಿತು. ಆ ದಡ ಎದುರಿಗೆ ಬಂತು, ಬೆನ್ನಿಗೆ ಹೋಯಿತು, ಮತ್ತೆ ಎದುರಿಗೆ ಬಂತು.

“ಹುಟ್ಟು ಹಾಕುವುದು ಹೇಗೆಂದು ಕೇಳಿದ್ದೆಯೇನು?” ಎಂದಳು ಅಜ್ಜಿ, ಅಂಚನ್ನು ಹಿಡಿದುಕೊಂಡು.

“ಇಲ್ಲ ಅಜ್ಜಿ. ಮರೆತೆ.”

“ಹಾಗಾದರೆ ಈಗ ಕೇಳು. ನಾನೇನೂ ಎದ್ದು ಹೋಗುವುದಿಲ್ಲ.”

ಅವನು ಕೇಳಿದ. ಅವಳು ಹೇಳಿದಳು. ಪಕ್ಕದಲ್ಲಿ ತಳ್ಳಬಾರದು, ಮುಂದೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಹರಿಗೋಲು ನೆಟ್ಟಗಾಯಿತು. ಆ ದಡದಲ್ಲಿ ಇಳಿದು ಅಜ್ಜಿ ಸೀರೆಯ ನೆರಿಗೆ ಮುಟ್ಟಿ ನೋಡಿಕೊಂಡಳು. “ಸೀರೆ ನೆನೆದಿಲ್ಲ. ತಲೆ ಮಾತ್ರ ಇನ್ನೂ ತಿರುಗುತ್ತಿದೆ. ಶಾಲೆಗೆ ಹೇಳಿಕಳಿಸಿ, ನಮ್ಮ ಹುಡುಗ ಎಂದು” ಎಂದು ಈಚೆಯ ದಡಕ್ಕೆ ಕೇಳುವಂತೆ ಕೂಗಿದಳು.

ಹಾಲಪ್ಪ ಮೇಷ್ಟ್ರು ಕತೆ ನಿಲ್ಲಿಸಿದರು. ಕುಮುದಾ ನಗುತ್ತಿದ್ದಳು. ನಗು ಮುಗಿದ ಮೇಲೂ ಅರ್ಜಿಯನ್ನು ಮುಂದೆ ಚಾಚಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡಳು. ಒಂದನ್ನೊಂದು ಉಜ್ಜಿದಳು. ಏನೋ ನೆನಪಾಯಿತು.

“ಮೇಷ್ಟ್ರೇ, ನಮ್ಮ ಯಜಮಾನರು ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರಲ್ಲ, ಅವರಿಗೆ ಅದರಲ್ಲಿ ಏನು ಕೇಳಿಸುತ್ತದೆ?”

“ಬಹಳ ಒಳ್ಳೆಯ ಪ್ರಶ್ನೆ ಕಣಮ್ಮ” ಎಂದರು ಮೇಷ್ಟ್ರು, “ಅದನ್ನು ಅವರ ಪಕ್ಕದಲ್ಲೇ ಕೂತು ಐದು ವಾರ ಬಾಯೊಳಗೇ ಇಟ್ಟುಕೊಂಡಿದ್ದು, ಬಸ್ಸು ಹತ್ತಿ ಇಲ್ಲಿಯವರೆಗೆ ಬಂದು ನನ್ನನ್ನು ಕೇಳಿದೆ.”