ಪಿಳ್ಳಮ್ಮನ ಮನೆಯ ಗೂಬೆ ಬೀರು

ಆ ಕಿಟಕಿ ಹಾಕಿ ಸ್ವಲ್ಪ. ಹ್ಞೂ, ಚಿಲಕಾನೂ. ಇನ್ನೂ ಹತ್ತಿರ ಬನ್ನಿ, ನನ್ನ ಗಂಟಲು ಏರಿಸೋ ಹಂಗಿಲ್ಲ. ಈಗ ಹೇಳೋದು ಈ ಬಾಗಿಲು ದಾಟಿ ಹೋಗಕೂಡದು. ಹೋದರೆ ಯಾರ ಬಾಯಿಂದ ಹೋಯಿತು ಅಂತ ಹುಡುಕೋದು ಕಷ್ಟವಲ್ಲ, ಕೂತಿರೋರೇ ನಾಲ್ಕು ಜನ. ಆಣೆ ಇಟ್ರಾ? ಇಡಿ. ಎಲೆ ಅಡಿಕೆ ಆಮೇಲೆ ಹಾಕ್ಕೊಳ್ಳೋರಂತೆ, ಮೊದಲು ಆಣೆ. ಸರಿ, ಕೇಳಿ.

ಮಾಲೂರಿನಲ್ಲಿ ಹಂಚಿನ ಕಾರ್ಖಾನೆ ಹಿಂದಿನ ಬೀದೀಲಿ ಪಿಳ್ಳಮ್ಮ ಅಂತ ಒಬ್ಬಳು. ಗಂಡ ಹೋಗಿ ಒಂಬತ್ತು ವರ್ಷ. ಇರೋನು ಒಬ್ಬನೇ ಮಗ, ಅಬ್ಬಯ್ಯ. ಮೈ ನೋಡಿದರೆ ಎತ್ತು, ಇಬ್ಬರು ಹೊರೋ ಮೂಟೆ ಒಬ್ಬನೇ ಎತ್ತೋನು. ತಲೆ ಮಾತ್ರ ಏನು ಹೇಳಲಿ! ಹೇಳಿದ್ದನ್ನ ಹೇಳಿದಂಗೇ ಮಾಡೋನು. ಒಂದು ಕೂದಲಷ್ಟು ಆಚೆ ಇಲ್ಲ, ಈಚೆ ಇಲ್ಲ. "ಹಾಲು ಉಕ್ಕಿದರೆ ಕೂಗೋ" ಅಂದರೆ, ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಬರಿದಾಗೋವರೆಗೂ ಪಕ್ಕದಲ್ಲೇ ನಿಂತು ಕೂಗೋನು. ಪಿಳ್ಳಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಅಲ್ಲಿ ಚರ್ಮ ಗಟ್ಟಿಯಾಗಿಹೋಗಿತ್ತು.

ಅಬ್ಬಯ್ಯನಿಗೆ ಮೂವತ್ತೊಂದು ತುಂಬಿತು, ಹೆಣ್ಣು ಸಿಕ್ಕಲಿಲ್ಲ. ಮೂರು ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಹುಡುಗನ್ನ ಎರಡು ಮಾತಾಡಿಸಿದರು, ಚಪ್ಪಲಿ ಮೆಟ್ಟಿಕೊಂಡು ಹೋದರು. ನಾಲ್ಕನೇದು ಟೇಕಲ್ ಊರಿನ ಕೋನಪ್ಪನ ಸಂಬಂಧ. "ಇದು ತಪ್ಪಿದರೆ ನನ್ನ ಹತ್ತಿರ ಇನ್ನು ಹೆಣ್ಣಿಲ್ಲಮ್ಮ, ಬೇರೆ ದಲ್ಲಾಳಿ ನೋಡ್ಕೋ" ಅಂತ ದಲ್ಲಾಳಿ ಕಡ್ಡಿ ಮುರಿದಂಗೆ ಹೇಳಿಬಿಟ್ಟಿದ್ದ.

ಕೋನಪ್ಪ ಇಟ್ಟಿಗೆ ಗೂಡಿನ ಮೇಸ್ತ್ರಿ. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು. ಆಳು ಒಣಗಿದ ನುಗ್ಗೇಕಾಯಿ ಥರ. ಅವನಿಗೆ ಇದ್ದದ್ದು ಒಂದೇ ಚಪಲ, ಗೂಬೆ ಮಾರ್ಕಿನ ಬೀರು. ಹಸಿರು ಬಾಟಲಿ, ಮೇಲೊಂದು ಗೂಬೆ, ಒಳಗೆ ಹಾಗಲಕಾಯಿ ನಾಚಬೇಕು, ಅಂಥ ಕಹಿ. ಬೇರೆಯವರು ಒಂದು ಗುಟುಕಿಗೆ ಮುಖ ಕಿವುಚಿದರೆ ಇವನು ಕಣ್ಣು ಮುಚ್ಚಿ ಕೈ ಮುಗಿಯೋನಂತೆ. ಎರಡು ವರ್ಷದಿಂದ ಆ ಬೀರು ಈ ಕಡೆ ಅಂಗಡಿಗಳಿಗೆ ಬರೋದೇ ನಿಂತುಹೋಗಿತ್ತು. "ಯಾವ ಮನೇಲಿ ನನಗೆ ಗೂಬೆ ಕುಡಿಸ್ತಾರೋ ಆ ಮನೆಗೇ ನನ್ನ ಮಗಳು" ಅಂದಿದ್ದನಂತೆ ದಲ್ಲಾಳಿ ಮುಂದೆ. ನಗೆಗೆ ಅಂದನೋ ಏನೋ. ಪಿಳ್ಳಮ್ಮ ನಗಲಿಲ್ಲ. ಸೀದಾ ಬೆಂಗಳೂರಿಗೆ ಹೋಗಿ ಅಣ್ಣ ಬಯ್ಯಣ್ಣನ ಮುಂದೆ ಕೂತಳು. ಬಯ್ಯಣ್ಣ ಆ ಗೂಬೆ ಬೀರಿನ ಕಾರ್ಖಾನೇಲೇ ಮೂವತ್ತು ವರ್ಷ ಹಂಡೆ ತೊಳೆದೋನು.

"ಅದೇನು ಬ್ರಹ್ಮವಿದ್ಯೆ ತಂಗೀ! ಬಾರ್ಲಿ ಮೊಳಕೆ ಕಟ್ಟು, ಒಣಗಿಸು, ಪುಡಿ ಮಾಡಿ ಬಿಸಿನೀರಲ್ಲಿ ಕಲಸು, ಸೋಸು. ಆ ನೀರು ಕುದಿಸೋವಾಗ ಹಾಪ್ಸ್ ಅಂತ ಕಹಿ ಹೂವು ಬರ್ತದೆ, ಅದನ್ನ ಹಾಕು. ಗೂಬೆ ಬೀರಿಗೆ ಆ ಹೂವೇ ಜೀವ. ಆಮೇಲೆ ಈಸ್ಟ್ ಹಾಕಿ ಹುದುಗಿಸು, ಬಾಟಲಿಗೆ ತುಂಬು. ಗೂಬೆಗೇ ಗೊತ್ತಾಗಬಾರದು ನಕಲು ಅಂತ, ಹಂಗೆ ಮಾಡಿಸ್ತೀನಿ!"

"ಅಣ್ಣಾ, ಅಬಕಾರಿಯವರು ಬಂದ್ರೆ?"

"ಹೇಳಿದರೆ ತಾನೇ ಬರೋದು? ನಿನ್ನ ಪಕ್ಕದ ಮನೆ ಕದಿರಮ್ಮನ ಮೂಗಿಗೆ ಬೀಳದಂಗೆ ನೋಡ್ಕೋ. ಅಷ್ಟು ಸಾಕು."

ಅಷ್ಟು ಸಾಕಂತೆ! ಕದಿರಮ್ಮನ ಮೂಗು ಯಾವುದು? ಬೀದಿ ಕೊನೇ ಮನೇಲಿ ಮೀನು ಹುರಿದರೆ ಎಷ್ಟು ತುಂಡು ಅಂತ ಎಣಿಸೋ ಮೂಗು. ಕೋನಪ್ಪ ಬರೋಕೆ ಒಂದೂವರೆ ತಿಂಗಳಿತ್ತು.

ಬಾರ್ಲಿ ನೆನೆಯಿತು, ಮೊಳಕೆ ಬಂತು. ಹಿತ್ತಲಲ್ಲಿ ಚಾಪೆ ಹಾಸಿ ಹರವಿದಳು.

"ಅಬ್ಬಯ್ಯಾ, ನಾನು ಮಾರ್ಕೆಟ್ಟಿಗೆ ಹೋಗಿ ಬರೋವರೆಗೂ ಕಣ್ಣು ಮಿಟುಕಿಸದೆ ಇದನ್ನ ನೋಡ್ತಾ ಇರು. ಗೊತ್ತಾಯ್ತಾ?"

"ಗೊತ್ತಾಯ್ತಮ್ಮ!"

ಕದಿರಮ್ಮನ ಕೋಳಿ ಒಂದು ಬಂತು, ನೋಡಿದ. ಎರಡು ಬಂದವು, ನೋಡಿದ. ಏಳು ಕೋಳಿ, ಒಂದು ಹುಂಜ, ಹಿಂದೆ ಮರಿಗಳು, ಎಲ್ಲಾ ಬಂದವು. ಅವು ತಿಂದವು, ಇವನು ನೋಡಿದ. ಕಣ್ಣಲ್ಲಿ ನೀರು ಸುರೀತಾ ಇತ್ತು ಪಾಪ, ಮಿಟುಕಿಸೋ ಹಂಗಿಲ್ಲವಲ್ಲ! ಪಿಳ್ಳಮ್ಮ ಬಂದು ನೋಡಿದರೆ ಚಾಪೆ ಅರ್ಧ ಖಾಲಿ.

"ಅಯ್ಯೋ ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದೋನೇ! ನೋಡ್ತಾ ಕೂತಿದ್ದೀಯಲ್ಲೋ!"

"ನೀನೇ ಹೇಳಿದ್ದು ನೋಡು ಅಂತ!"

"ನೋಡಿದರೆ ಆಯ್ತೇನೋ ದಡ್ಡ ಮುಂಡೇದೆ? ಯಾವುದೇ ಹತ್ತಿರ ಬರಲಿ, ದೊಣ್ಣೆ ತಗೊಂಡು ಹೋ ಅಂತ ಅಟ್ಟಿಸ್ಕೊಂಡು ಹೋಗಬೇಕು! ಬೀದಿ ಕೊನೆವರೆಗೂ ಅಟ್ಟಬೇಕು!"

"ಸರಿಯಮ್ಮ, ಹಂಗೇ ಮಾಡ್ತೀನಿ!"

ಹಂಗೇ ಮಾಡಿದ. ಮಾರನೇ ದಿನ ಹಾಪ್ಸ್ ಪೊಟ್ಟಣ ಹಿಡ್ಕೊಂಡು, ಬಿಳೀ ಪಂಚೆ ಉಟ್ಕೊಂಡು, ಕುದಿಸೋದು ಹೆಂಗೆ ಅಂತ ಪಕ್ಕದಲ್ಲಿ ನಿಂತು ಕಲಿಸೋಕೆ ಬಯ್ಯಣ್ಣ ಬಂದ. ಹಿತ್ತಲಿಗೆ ಕಾಲಿಟ್ಟ. ಅಬ್ಬಯ್ಯ ದೊಣ್ಣೆ ಎತ್ತಿದ.

"ಹೋ! ಹೋ!"

"ಲೇ ಅಬ್ಬಯ್ಯಾ, ನಾನು ಕಣೋ, ನಿನ್ನ ಸೋದರಮಾವ!"

"ಹೋ! ಹೋ! ಹೋ!"

ಅರವತ್ತೆರಡು ವರ್ಷದ ಬಯ್ಯಣ್ಣ ಪೊಟ್ಟಣ ಬಿಸಾಕಿ, ಪಂಚೆ ಎತ್ತಿ ಕಟ್ಟಿ, ಬೀದಿ ಕೊನೆವರೆಗೂ ಓಡಿದ. ಅಲ್ಲಿ ಎಡವಿ ಮಂಡಿ ತರಚಿಕೊಂಡು, ಅಲ್ಲೇ ಬಸ್ ಹತ್ತಿ, ಊರು ಸೇರಿ ಫೋನ್ ಮಾಡಿದ. "ತಂಗೀ, ಇನ್ನು ನಿನ್ನ ಹೊಸ್ತಿಲು ನಾನು ತುಳಿಯೋಲ್ಲ. ಏನಿದ್ರೂ ಫೋನಲ್ಲೇ ಕೇಳ್ಕೋ."

ಬೀರು ಗೊತ್ತಿದ್ದೋನು ಒಬ್ಬನೇ, ಅವನೂ ಹೋದ! ಪಿಳ್ಳಮ್ಮ ಮಗನ ಕೈಯಿಂದ ದೊಣ್ಣೆ ಕಿತ್ತು ಬಿಸಾಕಿದಳು.

"ಲೋ ಪಾಪೀ, ಮನೆಗೆ ಬಂದೋರನ್ನ ಹಂಗೆ ಮಾಡ್ತಾರೇನೋ? ಬನ್ನಿ ಅಂತ ಕರೀಬೇಕು! ಮಣೆ ಹಾಕಿ ಕೂರಿಸ್ಬೇಕು! ಇದ್ದದ್ದನ್ನ ಕುಡಿಯೋಕೆ ಕೊಡ್ಬೇಕು! ಮುತ್ತೈದೇರು ಬಂದ್ರೆ ಹೂವು ಕುಂಕುಮ ಕೊಡದೆ ಕಳಿಸ್ಬಾರದು!"

"ಸರಿಯಮ್ಮ, ಹಂಗೇ ಮಾಡ್ತೀನಿ!"

ನಾಲ್ಕು ದಿನಕ್ಕೆ ಬಾರ್ಲಿ ನೀರು ಹಂಡೇಲಿ ಕುದೀತಿತ್ತು, ಅರ್ಧ ಹಾಪ್ಸ್ ಅದರೊಳಗೆ, ಅರ್ಧ ತಟ್ಟೇಲಿ. ಪಿಳ್ಳಮ್ಮ ಬಾಗಿಲು, ಕಿಟಕಿ ಎಲ್ಲಾ ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕಿ, ಈಸ್ಟ್ ತರೋಕೆ ಬೇಕರಿಗೆ ಓಡಿದಳು. ಕದಿರಮ್ಮನ ಮೂಗಿಗೆ ಸಾಂಬ್ರಾಣಿ ಏನು ಲೆಕ್ಕ? ಬಂದು ಬಾಗಿಲು ಬಡಿದಳು.

"ಬನ್ನಿ ದೊಡ್ಡಮ್ಮ, ಬನ್ನಿ!" ಅಬ್ಬಯ್ಯ ಕರೆದ. ಮಣೆ ಹಾಕಿದ. ಹಂಡೆಯಿಂದ ಒಂದು ಲೋಟ ಬಗ್ಗಿಸಿ ಕೊಟ್ಟ.

"ಥೂ, ಏನೋ ಇದು, ವಿಷದಂಗೈತೆ! ಏನು ಮಾಡ್ತಿದ್ದಾಳೋ ನಿಮ್ಮಮ್ಮ?"

"ಅದನ್ನ ಯಾರಿಗೂ ಹೇಳ್ಬಾರದಂತೆ ದೊಡ್ಡಮ್ಮ. ನಿಮಗಂತೂ ಹೇಳಲೇಬಾರದಂತೆ."

ಪಿಳ್ಳಮ್ಮ ಈಸ್ಟ್ ಹಿಡ್ಕೊಂಡು ಬೀದಿಗೆ ತಿರುಗಿದಳು. ಎದುರಿಗೆ ಕದಿರಮ್ಮ! ಹಣೇಲಿ ಕಾಸಗಲ ಕುಂಕುಮ, ತುರುಬಿನಲ್ಲಿ ಹಾಪ್ಸ್!

"ಏನೇ ಪಿಳ್ಳಮ್ಮ, ಏನು ಕುದೀತೈತೆ?"

"ಮಂಡಿ ನೋವಿನ ಕಷಾಯ ಕಣಕ್ಕಾ!" ಬಾಯಿಗೆ ಬಂದದ್ದು ಅಂದಳು.

"ಹೌದಾ? ನನಗೂ ಮಂಡಿ ನೋವು. ದಿನಾ ಒಂದು ಲೋಟ ಕಳಿಸು ಮತ್ತೆ." ಹಾಪ್ಸ್ ಕಿತ್ತು ಮೂಸಿ ನೋಡಿ, ನಕ್ಕು ಹೋದಳು. ಆ ನಗೆ ಪಿಳ್ಳಮ್ಮನ ಬೆನ್ನಿಗೆ ಅಂಟಿಕೊಂಡು ಮನೆಯೊಳಕ್ಕೂ ಬಂತು.

"ನನ್ನ ಮಾನ ತೆಗೆಯೋಕೇ ಹುಟ್ಟಿದ್ದೀಯೇನೋ! ಬಿಗಿಯಾಗಿ ಇಡಬೇಕು ಕಣೋ! ಈ ಮನೆಯೊಳಗಿಂದ ಇನ್ನು ಒಂದು ಹನಿ, ಒಂದು ವಾಸನೆ, ಒಂದು ಉಸಿರು ಆಚೆ ಹೋಗಕೂಡದು!"

"ಸರಿಯಮ್ಮ, ಹಂಗೇ ಮಾಡ್ತೀನಿ!"

ತಣ್ಣಗಾದ ನೀರಿಗೆ ಈಸ್ಟ್ ಬೆರೆಸಿ ಡ್ರಮ್ಮಿಗೆ ತುಂಬಿದ್ದಾಯಿತು. ಮುಚ್ಚಳಕ್ಕೊಂದು ತೂತು, ತೂತಿಗೊಂದು ರಬ್ಬರ್ ಪೈಪು, ಪೈಪಿನ ತುದಿ ನೀರಿನ ಚೊಂಬಿನಲ್ಲಿ. ಒಳಗೆ ಹುದುಗೋ ಗಾಳಿ ಆ ದಾರೀಲೇ ಹೋಗಬೇಕು ಅಂತ ಬಯ್ಯಣ್ಣ ಹೇಳಿದ್ದ. ರಾತ್ರಿಯೆಲ್ಲಾ ಗುಳುಗುಳು ಅಂತಿತ್ತು. ಬೆಳಗ್ಗೆ ಅಬ್ಬಯ್ಯ ಮೂಸಿದ. ಉಸಿರು ಹೋಗ್ತೈತೆ! ವಾಸನೇನೂ ಹೋಗ್ತೈತೆ! ಪೈಪಿಗೆ ಗಂಟು ಹಾಕಿದ. ಮುಚ್ಚಳದ ಸುತ್ತ ಮೈದಾ ಅಂಟು ಮೆತ್ತಿದ. ಮೇಲೆ ರುಬ್ಬೋ ಗುಂಡು ಇಟ್ಟ. ಅದೂ ಸಾಲದು ಅಂತ ತಾನೇ ಹತ್ತಿ ಕೂತ.

ಮಧ್ಯಾಹ್ನದವರೆಗೆ ಕೂತ. ಆಮೇಲೆ ಢಮ್!

ಮುಚ್ಚಳ ಸೂರಿಗೆ, ಗುಂಡು ಮೂಲೆಗೆ, ಅಬ್ಬಯ್ಯ ಹಿತ್ತಲಿಗೆ. ಗೋಡೆಯೆಲ್ಲಾ ನೊರೆ. ಬೀದಿಗೆ ಬೀದಿಯೇ ಓಡಿ ಬಂತು.

"ಕುಕ್ಕರ್! ಕುಕ್ಕರ್ ಸಿಡೀತು!" ಪಿಳ್ಳಮ್ಮ ಬಾಗಿಲಿಗೆ ಅಡ್ಡ ನಿಂತು ಕೂಗಿದಳು.

"ಏನು ಬೇಯಿಸ್ತಿದ್ದೆ?" ಕದಿರಮ್ಮ ಕೇಳಿದಳು.

"ಬೇಳೆ!"

"ಕಹಿ ಬೇಳೇನಾ?"

ಎಲ್ಲರೂ ಹೋದ ಮೇಲೆ ಪಿಳ್ಳಮ್ಮ ಒಳಗೆ ಹೋಗಿ ಇಣುಕಿದಳು. ಡ್ರಮ್ಮಿನಲ್ಲಿ ಉಳಿದದ್ದು ಅರ್ಧಕ್ಕೂ ಕಮ್ಮಿ. ಅದೊಂದು ಹತ್ತು ದಿನ ಹುದುಗಿ ಸುಮ್ಮನಾದ ಮೇಲೆ, ಚೂರು ಚೂರು ಸಕ್ಕರೆ ಹಾಕಿ ಹನ್ನೊಂದು ಹಸಿರು ಬಾಟಲಿಗೆ ತುಂಬಿ ಬಿರಡೆ ಜಡಿದಳು. ಹನ್ನೊಂದೇ. ಇವು ಹೋದರೆ ಕೋನಪ್ಪನೂ ಹೋದ, ಸೊಸೆಯೂ ಹೋದಳು. ಬಯ್ಯಣ್ಣ ಫೋನಲ್ಲಿ ಹೇಳಿದ್ದನ್ನ ಮಗನಿಗೆ ಮೂರು ಸಲ ಬಾಯಿಪಾಠ ಮಾಡಿಸಿದಳು.

"ಎಲ್ಲಿ ಇಡಬೇಕು?"

"ಕತ್ತಲೆ ಕೋಣೇಲಿ!"

"ಹೆಂಗೆ?"

"ಒದ್ದೆ ಗೋಣಿ ಸುತ್ತಿ, ಮೆತ್ತಗೆ ಎತ್ತಿ, ಅಲ್ಲಾಡಿಸದೆ ಮಲಗಿಸ್ಬೇಕು!"

"ಒಳಗೆ ಸದ್ದು ಬಂದ್ರೆ?"

"ಬಾಗಿಲು ತೆಗೀಬಾರದು!"

"ಎಷ್ಟು ದಿನ?"

"ಹದಿನೈದು ದಿನ! ದಿನಾ ಬೆಳಗ್ಗೆ ನೀರು ಚಿಮುಕಿಸ್ಬೇಕು!"

ಆಶ್ಚರ್ಯ ಏನು ಅಂದ್ರೆ, ಈ ಸಲ ಎಲ್ಲಾ ಸರಿಯಾಗಿ ಮಾಡಿದ. ಹದಿನೈದು ದಿನ ಕಳೆದು ಶನಿವಾರ ಬಾಗಿಲು ತೆಗೆದರೆ ಹನ್ನೊಂದೂ ತಣ್ಣಗೆ ಮಲಗಿದ್ದವು. ಒಂದು ಬಿರಡೆ ಸಡಿಲಿಸಿದಳು, ಉಸ್ ಅಂತು, ನೊರೆ ಬಂತು. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟಳು. ಕಹಿ! ಆದರೆ ಗೂಬೆಯ ಕಹಿಯೋ, ಬರೀ ಕಹಿಯೋ, ಅವಳಿಗೇನು ಗೊತ್ತು? ಜನ್ಮದಲ್ಲಿ ಬೀರು ಕುಡಿದವಳಲ್ಲ. ಆದರೂ ಒಂಬತ್ತು ವರ್ಷದಲ್ಲಿ ಮೊದಲನೇ ಸಲ ಮಗನ ಗಲ್ಲ ಹಿಡಿದಳು.

"ನನ್ನ ಬಂಗಾರ! ಬಾಟಲಿ ನೋಡ್ಕೊಂಡಂಗೇ ನಾಳೆ ಬೀಗರನ್ನೂ ನೋಡ್ಕೊಂಡುಬಿಡು. ನನಗಿನ್ನೇನೂ ಬೇಡ!"

"ಸರಿಯಮ್ಮ, ಹಂಗೇ ಮಾಡ್ತೀನಿ!"

ಭಾನುವಾರ. ಹನ್ನೆರಡಕ್ಕೆ ಬರ್ತೀನಿ ಅಂದಿದ್ದ ಕೋನಪ್ಪ ಹತ್ತಕ್ಕೇ ಒಬ್ಬನೇ ಬಂದ. ಪಿಳ್ಳಮ್ಮ ಮಾಂಸದ ಅಂಗಡಿ ಸಾಲಲ್ಲಿ ನಿಂತಿದ್ದಳು. ಹನ್ನೊಂದಕ್ಕೆ ಬಂದು ನೋಡಿದರೆ ಬಾಗಿಲಲ್ಲಿ ಹೊಸಾ ಚಪ್ಪಲಿ.

"ಯಾರೋ ಬಂದಿದ್ದು?"

"ಬೀಗರು!"

"ಅಯ್ಯೋ ದೇವರೇ! ಎಲ್ಲೋ ಅವರು?"

"ಇಟ್ಟಿದ್ದೀನಿ."

"ಏನಂದೆ?"

"ಕತ್ತಲೆ ಕೋಣೇಲಿ ಇಟ್ಟಿದ್ದೀನಮ್ಮ. ಒದ್ದೆ ಗೋಣಿ ಸುತ್ತಿ, ಮೆತ್ತಗೆ ಎತ್ತಿ, ಬಾಟಲಿ ಪಕ್ಕಾನೇ ಮಲಗಿಸಿದೀನಿ. ಒಂಚೂರೂ ಅಲ್ಲಾಡಿಸಿಲ್ಲ! ಅವರೇ ಅಲ್ಲಾಡಿದ್ರು. ಬಾಗಿಲು ಬಡಿದ್ರು, ಬೈದ್ರು, ತೆಗೀಲಿಲ್ಲ. ಅರ್ಧ ಗಂಟೆಯಿಂದ ಸದ್ದಿಲ್ಲ. ಚೆನ್ನಾಗಿ ಹುದುಗಿದಾರೆ ಅನ್ಸುತ್ತೆ."

ಸದ್ದಿಲ್ಲ! ಪಿಳ್ಳಮ್ಮನ ಕೈಯಿಂದ ಮಾಂಸದ ಚೀಲ ಜಾರಿತು. ಸತ್ತನೇ? ಗಾಳಿಯಿಲ್ಲದ ಕೋಣೆ! ಹೆಣ್ಣು ಹೋಗಲಿ, ಮದುವೆ ಹೋಗಲಿ, ಈಗ ಪೊಲೀಸು! ಮಗನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಕೋಣೆಗೆ ಓಡಿದಳು. ಬಡಿತ, ಬೈಗುಳ ಎಲ್ಲಾ ಕೇಳಿದ್ದ ಕದಿರಮ್ಮ ಬೀದಿ ಹೆಂಗಸರನ್ನ ಕಟ್ಟಿಕೊಂಡು ಅಷ್ಟೊತ್ತಿಗೆ ನಡುಮನೇಲೇ ನಿಂತಿದ್ದಳು.

ಬಾಗಿಲು ತೆರೆಯಿತು.

ಕೋನಪ್ಪ ಗೋಡೆಗೆ ಒರಗಿ ಕೂತಿದ್ದ. ಅಂಗಿ ನೆಂದು ಮೈಗೆ ಅಂಟಿತ್ತು, ಹೆಗಲ ಮೇಲೆ ಗೋಣಿ. ಸುತ್ತ ನಾಲ್ಕು ಖಾಲಿ ಬಾಟಲಿ, ಐದನೇದು ಮಗುವಿನಂಗೆ ತೋಳಲ್ಲಿ. ಕಣ್ಣಲ್ಲಿ ನೀರು.

"ಅದೇ ಪಿಳ್ಳಮ್ಮ! ಅದೇ! ಎರಡು ವರ್ಷ ಆಗಿತ್ತು!" ಅಂದ. "ನನ್ನ ಮಗಳು ನಿನ್ನ ಸೊಸೆ, ಹೋಗು. ಹೇಳಿದ ಮಾತು ಇಷ್ಟು ನಡೆಸೋ ಹುಡುಗ ಎಲ್ಲಿ ಸಿಕ್ತಾನೆ!"

ಪಿಳ್ಳಮ್ಮನಿಗೆ ಒಂದೂವರೆ ತಿಂಗಳಿಂದ ಕಟ್ಟಿದ್ದ ಉಸಿರು ಆಗ ಬಂತು. ಪೂರಾ ಬರೋದರೊಳಗೆ ಕೋನಪ್ಪ ಬೆಳಕಿಗೆ ಕೈ ಅಡ್ಡ ಹಿಡಿದು, ಮೆತ್ತಗೆ ಅಂದ:

"ಈಗ ಆ ಬಾಗಿಲು ಹಾಕಮ್ಮ. ಹದಿನೈದು ದಿನ ಅಂದಿದ್ದಾನೆ ಹುಡುಗ. ನಾನು ಇಲ್ಲೇ ಇರ್ತೀನಿ."

ಬೀದಿ ಹೆಂಗಸರೆಲ್ಲಾ ಸೆರಗು ಬಾಯಿಗಿಟ್ಟರು. ಕದಿರಮ್ಮ ಮಾತ್ರ ಇಡಲಿಲ್ಲ. ಒದ್ದೆ ಅಂಗಿಯ ಕೋನಪ್ಪನ್ನ ಒಂದು ಸಲ ನೋಡಿದಳು, ಬೀಗದ ಕೈ ಹಿಡಿದ ಪಿಳ್ಳಮ್ಮನ್ನ ಒಂದು ಸಲ ನೋಡಿದಳು, ಮುಖಕ್ಕೆ ಮುಖ ಕೊಟ್ಟು ಅಂದಳು:

"ಮಗನಿಗೆ ಹೆಣ್ಣು ಹುಡುಕ್ತಿದ್ದಾಳೆ ಅಂದ್ಕೊಂಡಿದ್ದೆನಲ್ಲೇ ಪಿಳ್ಳಮ್ಮಾ. ನೀನು ನೋಡಿದ್ರೆ ನಿನಗೇ ಒಂದು ಗಂಡು ಹಿಡಿದು, ಬೀಗ ಹಾಕಿ ಇಟ್ಕೊಂಡಿದ್ದೀಯ!"